ಏರು ಬಂದರೆ ನಿಲ್ಲುತ್ತಿದ್ದ ಪದ್ಮಿನಿ

ಅಪ್ಪನ ಕಾರು 1986ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವುದು ಕಾರ್ಬುರೇಟರ್. ಅದರ ಹಳೇ ಸೋಲೆಕ್ಸ್ ಕಾರ್ಬುರೇಟರಿನ ಥ್ರಾಟಲ್ ಸ್ಪಿಂಡಲ್ (ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಕಡ್ಡಿ) ಸವೆದು ಲಟಲಟ ಅನ್ನುತ್ತಿತ್ತು. ಆ ಸಂದಿಯಿಂದ ಗಾಳಿ ಎಳೆದುಕೊಂಡು ಐಡ್ಲಿಂಗ್, ಅಂದರೆ ನಿಂತಲ್ಲೇ ಎಂಜಿನ್ ಓಡುವುದು, ಸರಿಯಾಗಿ ಕೂರುತ್ತಲೇ ಇರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಅದೇ ಮಾದರಿಯ ಹೊಸದು ತಂದು ನಾನೇ ಹಾಕಿದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಮೇನ್ ಜೆಟ್ಟಿನ ನಂಬರ್ ಹಳೆಯದಕ್ಕೆ ಸರಿಹೊಂದುತ್ತಾ ಅಂತ ಮೊದಲೇ ನೋಡಿಕೊಂಡಿದ್ದೆ. ಸೋಲೆಕ್ಸ್ ಜೆಟ್ ಮೇಲೆ 120 ಅಂತಿದ್ದರೆ ತೂತು 1.20 ಮಿಲಿಮೀಟರ್ ಎಂದರ್ಥ.

ಹಾಸನದೊಳಗೆ ಹೂವಿನ ಹಾಗೆ ಓಡಿತು. ಸುಬ್ರಹ್ಮಣ್ಯಕ್ಕೆ ಹೋಗಿ ಬರುವಾಗ ಗುಂಡ್ಯ ದಾಟಿ ಶಿರಾಡಿ ಏರು ಶುರುವಾಯಿತು ನೋಡಿ, ಅಲ್ಲಿ ಕೈಕೊಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಮುಗ್ಗರಿಸಿ ಆಫ್ ಆಯಿತು. ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗುತ್ತೆ, ಒಂದು ಕಿಲೋಮೀಟರ್ ಹೋಗುತ್ತೆ, ಮತ್ತೆ ಅದೇ ಕಥೆ. ಪೆಟ್ರೋಲ್ ಕಾದು ಆವಿಯಾಗಿರಬಹುದು ಅಂತ, ಬೇಸಿಗೆಯ ಘಾಟಿಯಲ್ಲಿ ಅಪ್ಪ ಮಾಡುತ್ತಿದ್ದ ಹಾಗೆ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಹೊಸ ಕಾರ್ಬುರೇಟರೇ ಸರಿಯಿಲ್ಲ ಅಂತ ಅದನ್ನು ವಾಪಸ್ ಬಿಚ್ಚಲು ಹೊರಟಿದ್ದೆ. ನಮ್ಮ ಹಳೇ ಮೇಸ್ತ್ರಿಗೆ ಫೋನ್ ಮಾಡಿದೆ. "ಅದಕ್ಕ್ಯಾಕೆ ಬೈತೀರಿ? ಮೊದಲು ಊಟ ಬಂದಿದೆಯಾ ನೋಡಿ" ಅಂದರು. ಕಾರ್ಬುರೇಟರಿನ ಮೇಲಿನ ಮುಚ್ಚಳ ತೆಗೆದರೆ ಪೆಟ್ರೋಲ್ ತುಂಬಿ ನಿಲ್ಲಬೇಕಾದ, ಫ್ಲೋಟ್ ಇರುವ ಬಟ್ಟಲಿನ ತಳದಲ್ಲಿ ಒಂದಿಷ್ಟೇ ಪೆಟ್ರೋಲ್!

ನಿಧಾನಕ್ಕೆ ಹೇಗೋ ಮನೆ ಸೇರಿದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಿಡಿ ಹುಟ್ಟದ ಹಾಗೆ ಕಾಯಿಲ್ ವೈರ್ ಕಿತ್ತಿಟ್ಟು, ಕಾರ್ಬುರೇಟರಿಗೆ ಬರುವ ಪೈಪನ್ನು ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದೆ. ಪೆಟ್ರೋಲ್ ಬಂತು, ಆದರೆ ನೊರೆ ನೊರೆ. ಆಮೇಲೆ ಪಂಪ್ ಎಳೆಯುವ ಕಡೆಯ ಪೈಪ್ ಬಿಚ್ಚಿ, ಬೇರೆ ತುಂಡು ಹಾಕಿ ನೇರ ಕ್ಯಾನಿಗೆ ಇಳಿಸಿದೆ. ಈಗ ದಪ್ಪಗೆ, ಚಿಮ್ಮಿ ಚಿಮ್ಮಿ ಬಂತು. ಅಂದರೆ ಪಂಪ್ ಗಟ್ಟಿಯಾಗಿದೆ, ತೊಂದರೆ ಅದಕ್ಕಿಂತ ಹಿಂದೆ. ಕೊನೆಗೆ ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡಿದೆ. ಸೋಡಾ ಬಾಟಲಿಯೊಳಗೆ ಏಳುವ ಹಾಗೆ ಸಾಲು ಸಾಲು ಗುಳ್ಳೆ.

ಫಿಲ್ಟರಿನ ಹಿಂದಿನ ರಬ್ಬರ್ ಪೈಪನ್ನು ಬಗ್ಗಿಸಿದೆ. ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆಯಂಥ ಸೀಳು ಬಾಯಿಬಿಟ್ಟಿತು. ಕಾರ್ಬುರೇಟರ್ ಬದಲಿಸುವಾಗ ಅಡ್ಡ ಬರುತ್ತೆ ಅಂತ ಅದೇ ಪೈಪನ್ನು ಪಕ್ಕಕ್ಕೆ ಎಳೆದು ಕಟ್ಟಿದ್ದೆ. ಒಣಗಿ ಗಟ್ಟಿಯಾದ ರಬ್ಬರ್, ಅಲ್ಲೇ ಸೀಳಿದೆ. ಹೊರಗೆ ಒಂದು ತೊಟ್ಟೂ ಸೋರಿರಲಿಲ್ಲ. ಪಂಪಿನ ಎಳೆತದ ಕಡೆ ಸೀಳು ಬಿಟ್ಟರೆ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತೆ, ಅಲ್ವಾ? ಊರೊಳಗೆ ಎಂಜಿನ್ನಿಗೆ ಬೇಕಾದ್ದು ಕಡಿಮೆ, ಹಾಗಾಗಿ ಗೊತ್ತೇ ಆಗಲಿಲ್ಲ. ಏರಿನಲ್ಲಿ ಜಾಸ್ತಿ ಬೇಕು, ಬಟ್ಟಲು ಖಾಲಿ.

ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಇರುವ ರಬ್ಬರ್ ತುಂಡುಗಳನ್ನೆಲ್ಲ ಬದಲಿಸಿದೆ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತೆ, ಹಳೇ ರಬ್ಬರಿಗೆ ಅದು ಆಗಿಬರಲ್ಲ. ಅದಕ್ಕೇ ಎಥನಾಲ್ ತಡೆಯುವ ಪೈಪನ್ನೇ ಕೇಳಿ ತಂದೆ.

ಮುಂದಿನ ಭಾನುವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಗುಂಡ್ಯಕ್ಕೆ ಇಳಿದು ತಿರುಗಿಸಿದೆ. ಮೊದಲ ದೊಡ್ಡ ಏರಿನಲ್ಲಿ ಇಬ್ಬರೂ ಮಾತಾಡಲಿಲ್ಲ, ಎಂಜಿನ್ ಸದ್ದನ್ನೇ ಕೇಳುತ್ತಿದ್ದೆವು. ದೋಣಿಗಲ್ ದಾಟಿದ ಮೇಲೆ ಅಪ್ಪ ಕಿಟಕಿ ಗಾಜು ಇಳಿಸಿ, "ಸಕಲೇಶಪುರದಲ್ಲಿ ಕಾಫಿಗೆ ನಿಲ್ಸು" ಅಂದರು.