ಸ್ಕ್ರ್ಯಾಪ್‌ಬುಕ್ ಸಾಮಾನು: ಯಾವುದು ಮಲಗಬೇಕು, ಯಾವುದು ನಿಲ್ಲಬೇಕು

ದಾವಣಗೆರೆಯ ಏಪ್ರಿಲ್ ಸೆಕೆಯಲ್ಲಿ ಮೊದಲು ಕೆಡುವುದು ಕಾಗದವಲ್ಲ, ಅಂಟು. ಡಬಲ್ ಸೈಡ್ ಟೇಪಿನ ಸುರುಳಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಂಚಿನಿಂದ ಅಂಟು ಒಸರಿ ಎಲ್ಲ ಒಂದೇ ಮುದ್ದೆ. ನಡುನಡುವೆ ಬಟರ್ ಪೇಪರ್ ಚೂರು ಹಾಕಿ, ಕಾದ ಆರ್‌ಸಿಸಿ ತಾರಸಿಯ ಕೆಳಗಿನ ಸಜ್ಜಾ ಬಿಟ್ಟು ಕಪಾಟಿನ ತಳದ ಖಾನೆಯಲ್ಲಿಡಿ.

12 ಇಂಚು ಚದರದ ಕಾರ್ಡ್‌ಸ್ಟಾಕ್ (ದಪ್ಪ ಹಾಳೆ) ಎ4 ಫೈಲಿಗೆ ಹಿಡಿಸದು. ಎ4ರ ಅಗಲ 21 ಸೆಂ.ಮೀ., ಈ ಹಾಳೆಯದು 30.5. ಒಳಅಳತೆ 32 ಸೆಂ.ಮೀ. ಇರುವ ಟ್ರೇ ಹುಡುಕಿ, ಮಲಗಿಸಿಯೇ ಇಡಿ. ಅರ್ಧ ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿದರೆ ಹಾಳೆ ಒರಗಿ ಬಿಲ್ಲಿನಂತೆ ಬಾಗುತ್ತದೆ. ಆಮೇಲೆ ಕಟ್ಟರ್‌ನಲ್ಲಿ ನೇರ ಕತ್ತರಿಸುವುದು ಕಷ್ಟ.

ಇಂಕ್ ಪ್ಯಾಡ್ ಬೋರಲು ಹಾಕಿ, ಶಾಯಿ ಮೇಲ್ಮೈಗೆ ಇಳಿಯುತ್ತದೆ. ಎರಡು ಮೊನೆಯ ಮಾರ್ಕರ್ ಅಡ್ಡಡ್ಡ. ಕ್ಲಿಯರ್ ಸ್ಟಾಂಪು (ಶಾಯಿ ಹಚ್ಚಿ ಒತ್ತುವ ಪಾರದರ್ಶಕ ಅಚ್ಚು) ಕಿಟಕಿಯಿಂದ ದೂರ, ಬಿಸಿಲಿಗೆ ಹಳದಿ ತಿರುಗುತ್ತವೆ. ಗ್ಲಿಟರ್ ಡಬ್ಬಿ ತೆಗೆಯುವ ಮುಂಚೆ ಫ್ಯಾನ್ ಆರಿಸಿ, ಸೆಕೆಯಾದರೂ ಸರಿ!