ಜಲಾಶಯಕ್ಕೆ ಬೆಂಬಲ ಬೇಕಾ? ಮೊದಲು ಮುಳುಗುವ ಊರಿಗೆ ಹೋಗಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಳಕೆದಾರರ ಸಂಘಗಳ ಜೊತೆ ಕೆಲಸ ಮಾಡುತ್ತೇನೆ. ಡ್ಯಾಂನಿಂದ ಹರಿದುಹೋಗುವ ನೀರನ್ನು ಹಿಡಿದಿಡಲು ಕೊಪ್ಪಳ ಜಿಲ್ಲೆಯ ನವಲಿ ಬಳಿ ಕಟ್ಟಬೇಕೆಂದಿರುವ ಸಮಾನಾಂತರ ಜಲಾಶಯದ ಬಗ್ಗೆ ರೈತರನ್ನು ಸೇರಿಸಿ ಮಾತಾಡುವುದೂ ಅದರಲ್ಲಿ ಒಂದು ಭಾಗ.

ಜಲಾಶಯ ಯಾಕೆ ಬೇಕು ಅಂತ ಸಿಂಧನೂರು, ಮಾನ್ವಿ ಕಡೆಯ ಕಾಲುವೆ ಕೊನೆ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. 1953ರಲ್ಲಿ ನಮ್ಮ ತುಂಗಭದ್ರಾ ಡ್ಯಾಂ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಮಳೆಗಾಲದಲ್ಲಿ ಹೆಚ್ಚಾದ ನೀರು ಗೇಟ್ ದಾಟಿ ನದಿಗೆ ಹೋಗುತ್ತದೆ. ಆಮೇಲೆ ಎರಡನೇ ಬೆಳೆಗೆ ನೀರು ಬಿಡ್ತಾರೋ ಇಲ್ಲವೋ ಅಂತ ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆಯ ಸುದ್ದಿಗೆ ಕಾಯುವುದು. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲಂತೂ ಈ ಆತಂಕ ಜಾಸ್ತಿಯಾಗಿದೆ.

ಹಾಗಾಗಿ ನೀರು ಪಡೆಯುವವರ ಬೆಂಬಲ ಸುಲಭ. ಜಮೀನು ಕಳೆದುಕೊಳ್ಳುವವರು ಏನಂತಾರೆ ಅನ್ನೋದರ ಮೇಲೆ ಇಡೀ ಯೋಜನೆ ನಿಂತಿದೆ. ಇದೇ ನಾನು ಈ ಕೆಲಸದಲ್ಲಿ ಕಲಿತದ್ದು.

ನವಲಿ ಸುತ್ತಿನ ಒಂದು ಊರಿನಲ್ಲಿ ಗುಡಿ ಕಟ್ಟೆಯ ಮೇಲೆ ಸಭೆ. ಟಿಎಂಸಿ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಒಬ್ಬ ಯಜಮಾನರು ಪ್ಲಾಸ್ಟಿಕ್ ಚೀಲದಿಂದ ಪಹಣಿ ತೆಗೆದು ನನ್ನ ಮುಂದೆ ಹಿಡಿದರು. ತೀರಿಕೊಂಡ ಅಪ್ಪನ ಹೆಸರೇ ಇನ್ನೂ ಅದರಲ್ಲಿತ್ತು. ‘ನಾವು ನಾಲ್ಕು ಮಂದಿ ಅಣ್ಣತಮ್ಮಂದಿರು. ರೊಕ್ಕ ಬಂದ್ರ ಯಾರ ಹೆಸರಿಗೆ ಬರ್ತೈತ್ರಿ?’ ಅಂತ ಕೇಳಿದರು. ಅಲ್ಲಿದ್ದ ಎಷ್ಟೋ ಜನರ ಕಥೆ ಅದೇ. ವಿರೋಧ ಅಂತ ನಾವು ಕರೆಯುವುದರಲ್ಲಿ ಅರ್ಧ ಈ ಭಯವೇ.

ಅದಕ್ಕೇ ಈಗ ಅಲ್ಲಿ ಪೌತಿ ಖಾತೆ, ಅಂದ್ರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸ ನಡೆಯುತ್ತಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಜೋಡಿಸಿ ನಾಡಕಚೇರಿಗೆ ಅರ್ಜಿ ಹಾಕಿಸುತ್ತೇವೆ. ಜಲಾಶಯ ಆಗಲಿ ಬಿಡಲಿ, ಜಮೀನು ಅವರ ಹೆಸರಿಗೆ ಬರಬೇಕು ಅಲ್ವಾ? ಯೋಜನೆಗೆ ಆಂಧ್ರ, ತೆಲಂಗಾಣ ಒಪ್ಪಬೇಕು ಅನ್ನೋದನ್ನೂ ಮುಚ್ಚಿಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ಹೊಸ ಜಲಾಶಯವೂ ತುಂಬುವುದಿಲ್ಲ, ಅದನ್ನು ಕಾಲುವೆಯ ಕೊನೆ ಭಾಗದವರಿಗೂ ಹೇಳುತ್ತೇವೆ. ಸುಮ್ನೆ ಆಸೆ ಹುಟ್ಟಿಸಿದರೆ ನಾಳೆ ಅವರೇ ನಮ್ಮನ್ನು ನಂಬುವುದಿಲ್ಲ.

ಇನ್ನೂ ಕಷ್ಟದ ವಿಷಯ ಪಹಣಿಯಲ್ಲಿ ಹೆಸರೇ ಇಲ್ಲದವರದ್ದು. ಪಾಲಿಗೆ ಹೊಲ ಮಾಡುವವರು, ಕೂಲಿಗೆ ಹೋಗುವ ಹೆಣ್ಣುಮಕ್ಕಳು. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ, ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದಿದ್ದು, ಸ್ವಾಧೀನದಿಂದ ಅವರ ಮುಖ್ಯ ಜೀವನಾಧಾರಕ್ಕೆ ಪೆಟ್ಟು ಬಿದ್ದರೆ ಇವರೂ ಬಾಧಿತ ಕುಟುಂಬಗಳೇ. ಆದರೆ ತೋರಿಸಲು ಕಾಗದ ಬೇಕಲ್ಲ. ಯಾರ ಹೊಲದಲ್ಲಿ ಯಾರು ಎಷ್ಟು ವರ್ಷದಿಂದ ದುಡಿಯುತ್ತಿದ್ದಾರೆ ಅಂತ ಊರವರಿಂದಲೇ ಬರೆಸಿ, ಹೊಲದ ಮಾಲೀಕರ ಸಹಿ ಕೇಳುತ್ತಿದ್ದೇವೆ. ನಾಳೆ ಹೊಲದ ಮೇಲೆ ಹಕ್ಕು ಕೇಳಿದರೆ ಏನು ಗತಿ ಅಂತ ಕೆಲವು ಮಾಲೀಕರು ಹಿಂಜರಿಯುತ್ತಾರೆ. ಸದ್ಯ ನಮ್ಮ ಹೆಚ್ಚಿನ ಮಾತುಕತೆ ಅವರ ಜೊತೆಗೇ.