ಲಂಕೆಯ ಕಾಡುಪಾಪ, ಎಲೆಮೂಗಿನ ಓತಿ ಮತ್ತು ನಮ್ಮ ದರಕು

ಶ್ರೀಲಂಕಾ ನೋಡಿ ಬಂದವರು ಮೊಬೈಲ್ ತೆಗೆದು ಮೊದಲು ತೋರಿಸುವುದು ಯಾಲದ ಚಿರತೆ, ಆಮೇಲೆ ಮಿನ್ನೇರಿಯಾದ ಆನೆ ಹಿಂಡು. ಫೋಟೋ ಚೆನ್ನಾಗಿಯೇ ಇರುತ್ತವೆ. ಆದರೆ ನನಗೆ ಕೇಳಬೇಕು ಅನ್ನಿಸುವುದು ಬೇರೆ. ಮೂಗಿನ ತುದಿಯಲ್ಲಿ ಎಲೆಯಂಥದ್ದೇನೋ ಇರುವ ಓತಿಕ್ಯಾತ ಸಿಕ್ಕಿತಾ? ರಾತ್ರಿ ಮರದ ಮೇಲೆ ಓಡಾಡುವ, ದುಂಡು ಕಣ್ಣಿನ ಕೆಂಪು ಕಾಡುಪಾಪ ಕಂಡಿತಾ? ಇವು ಲಂಕೆ ಬಿಟ್ಟರೆ ಬೇರೆಲ್ಲೂ ಇಲ್ಲ. ಇಡೀ ಲಂಕೆಯಲ್ಲೂ ಇಲ್ಲ. ಆ ಓತಿಕ್ಯಾತ ಇರುವುದು ನಕಲ್ಸ್ ಬೆಟ್ಟಸಾಲಿನಲ್ಲಿ ಮಾತ್ರ.

ತೀರ್ಥಹಳ್ಳಿ ಕಡೆ ಕೂತು ಲಂಕೆಯ ಓತಿಕ್ಯಾತದ ಚಿಂತೆ ಯಾಕೆ ಅಂತ ಕೇಳಬಹುದು. ಪಶ್ಚಿಮಘಟ್ಟ, ಶ್ರೀಲಂಕಾ ಎರಡನ್ನೂ ಒಟ್ಟು ಸೇರಿಸಿ ಒಂದೇ ಜೀವವೈವಿಧ್ಯದ ತಾಣ ಅಂತ ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಮಳೆ ಅದೇ, ಕಾಡಿನ ಕತ್ತಲೆ ಅದೇ, ಉಂಬಳವೂ ಅದೇ. ನಡುವಿನ ಸಮುದ್ರ ತೀರಾ ಆಳವಿಲ್ಲ. ಹಿಮಯುಗದಲ್ಲಿ ಸಮುದ್ರ 100 ಮೀಟರಿಗಿಂತ ಜಾಸ್ತಿ ಇಳಿದಾಗ ಲಂಕೆ ನಮ್ಮ ನೆಲಕ್ಕೆ ಅಂಟಿಕೊಂಡೇ ಇತ್ತು, ಅದೂ ಮತ್ತೆ ಮತ್ತೆ. ಹಾಗಿದ್ದರೆ ಎರಡೂ ಕಡೆಯ ಪ್ರಾಣಿಗಳು ಬೆರೆತುಹೋಗಬೇಕಿತ್ತು ಅಲ್ವಾ? ಚಿರತೆ, ಆನೆಯಂಥವು ದಾಟಿದವು. ಕಪ್ಪೆ, ಸಿಹಿನೀರಿನ ಏಡಿ, ಮೀನು, ನೆಲದೊಳಗೆ ಬದುಕುವ ಹಾವು ಇವು ಬಹುಪಾಲು ದಾಟಲೇ ಇಲ್ಲ. 2004ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಡಿಎನ್‌ಎ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಎರಡು ಕಡೆಯವೂ ಬಹಳ ಕಾಲದಿಂದ ಬೇರೆ ಬೇರೆ ವಂಶಗಳು.

ಕಾರಣ ಯೋಚಿಸಿದರೆ ಸಿಗುತ್ತದೆ. ಘಟ್ಟದ ಹಸಿ ಕಾಡಿಗೂ ಲಂಕೆಯ ನೈಋತ್ಯದ ಹಸಿ ಕಾಡಿಗೂ ನಡುವೆ ತಮಿಳುನಾಡಿನ ಒಣ ಬಯಲು, ಅದರಾಚೆ ಉತ್ತರ ಲಂಕೆಯ ಒಣ ನೆಲ. ಚರ್ಮ ಒಣಗಿದರೆ ಸಾಯುವ ಜೀವಿಗೆ ಆ ಬಯಲು ಸಮುದ್ರಕ್ಕಿಂತ ಏನೂ ಕಡಿಮೆಯಲ್ಲ. ನೆಲದ ಸೇತುವೆ ಇದ್ದರೂ ಅವು ತಮ್ಮ ಕಾಡಿನಲ್ಲೇ ಉಳಿದವು. ನೀರೇ ಸುತ್ತುವರಿಯಬೇಕು ಅಂತಿಲ್ಲ, ಒಣ ನೆಲ ಸುತ್ತುವರಿದರೂ ದ್ವೀಪವೇ.

ದಾಟಿದ್ದೇ ಇಲ್ಲ ಅಂತಲೂ ಅಲ್ಲ. ಸ್ಯೂಡೋಫಿಲಾಟಸ್ ಅನ್ನುವ ಪೊದೆಗಪ್ಪೆಗಳ ಗುಂಪು ಲಂಕೆಯಲ್ಲಿ ಬೆಳೆದು ಹತ್ತಾರು ಜಾತಿಗಳಾಗಿ ಕವಲೊಡೆಯಿತು. ಅದರದೊಂದು ಕವಲು ಯಾವಾಗಲೋ ವಾಪಸ್ ನಮ್ಮ ಘಟ್ಟಕ್ಕೆ ಬಂತು. ಅಂಬೋಲಿ ಪೊದೆಗಪ್ಪೆ ಆ ಕವಲಿನದು, ಕರ್ನಾಟಕದ ಘಟ್ಟದಲ್ಲೂ ಇದೆ. ಇದನ್ನು ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಈ ಕಪ್ಪೆಗಳಿಗೆ ಕೆರೆ ಬೇಡ, ಹೊಂಡ ಬೇಡ. ಹಸಿ ಮಣ್ಣಲ್ಲೋ ಎಲೆಯ ಮೇಲೋ ಮೊಟ್ಟೆ ಇಡುತ್ತವೆ, ಗೊದಮೊಟ್ಟೆ ನೀರಿಗೆ ಬೀಳುವ ಹಂತವೇ ಇಲ್ಲ, ಮೊಟ್ಟೆಯೊಳಗೇ ಎಲ್ಲ ಮುಗಿದು ಪುಟಾಣಿ ಕಪ್ಪೆಯೇ ಹೊರಗೆ ಬರುತ್ತದೆ. ಮಳೆ ಹಿಡಿದ ರಾತ್ರಿ ನಮ್ಮ ತೋಟದ ಪೊದೆಗಳಲ್ಲಿ ಟಿಕ್ ಟಿಕ್ ಅನ್ನುವ ಪೊದೆಗಪ್ಪೆಗಳದ್ದೂ ಇದೇ ಕ್ರಮ. ಅಂದರೆ ಮೇಲೆ ನೆರಳು, ಕೆಳಗೆ ದರಕು, ಅಂದರೆ ಉದುರಿದ ಎಲೆಯ ಹಾಸು, ಇಷ್ಟು ಇರಲೇಬೇಕು. ಲಂಕೆಯಲ್ಲಿ ಇದು ಹೋಯಿತು. 19ನೇ ಶತಮಾನದಲ್ಲಿ ಬ್ರಿಟಿಷರು ಬೆಟ್ಟದ ಕಾಡು ಬೋಳಿಸಿ ಕಾಫಿ ಹಾಕಿದರು. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಕಾಫಿ ನೆಲಕಚ್ಚಿತು. ಕಾಡು ವಾಪಸ್ ಬರಲಿಲ್ಲ, ಆ ಜಾಗಕ್ಕೆ ಚಹಾ ಬಂತು. ಲಂಕೆಯ ಪೊದೆಗಪ್ಪೆಗಳಲ್ಲಿ 15ಕ್ಕೂ ಜಾಸ್ತಿ ಜಾತಿಗಳು ಅಳಿದುಹೋದವು ಅಂತ, ಜೀವಿಗಳ ಅಳಿವು ಉಳಿವಿನ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿವೆ. ಹಳೆಯ ಮ್ಯೂಸಿಯಂ ಬಾಟಲಿಗಳಲ್ಲಿ ಬಿಟ್ಟರೆ ಅವುಗಳನ್ನು ಇವತ್ತು ಎಲ್ಲೂ ನೋಡಲು ಆಗುವುದಿಲ್ಲ. ಅಳಿದವು ಅಂದುಕೊಂಡವುಗಳಲ್ಲಿ ಕೆಲವು ಪವಾಡದ ಹಾಗೆ ಮರಳಿ ಸಿಕ್ಕಿದವು. ಅಂಥದ್ದೊಂದು, ಮೈಮೇಲೆ ನಕ್ಷತ್ರದಂಥ ಚುಕ್ಕಿ ಇರುವ ಕಪ್ಪೆ, 1853ರಲ್ಲಿ ಕೆಲಾರ್ಟ್ ಎಂಬ ಜೀವಿತಜ್ಞರು ವಿವರಿಸಿದ ಮೇಲೆ ಯಾರ ಕಣ್ಣಿಗೂ ಬೀಳದೆ, 2009ರಲ್ಲಿ ಶ್ರೀಪಾದ ಬೆಟ್ಟದ ಕಾಡಿನಲ್ಲಿ ಮತ್ತೆ ಕಂಡಿತು.

ಕಾಡುಪಾಪದ್ದೂ ಹೀಗೇ ಒಂದು ಕತೆ. ನಮ್ಮಲ್ಲಿರುವುದು ಬೂದು ಜಾತಿ, ಅದು ಲಂಕೆಯಲ್ಲೂ ಇದೆ. ಕೆಂಪು ಜಾತಿ ಲಂಕೆಗೇ ಸೀಮಿತ. ಅದರಲ್ಲೂ ಹಾರ್ಟನ್ ಪ್ಲೇನ್ಸ್ ಕಡೆಯ ಚಳಿ ಬೆಟ್ಟದಲ್ಲಿ ಗಿಡ್ಡ ಕೈಕಾಲಿನ, ದಟ್ಟ ತುಪ್ಪಳದ ಒಂದು ಉಪಜಾತಿ ಇದೆ. 1937ರ ಮೇಲೆ ಬಹಳ ಅಪರೂಪಕ್ಕೆ ಕಂಡದ್ದು. 1939ರಿಂದ 2002ರವರೆಗೆ ಸುದ್ದಿಯೇ ಇಲ್ಲದೆ, ಅಳಿದೇಹೋಯಿತು ಅಂದುಕೊಂಡಿದ್ದರು. ಕೊನೆಗೆ ಸಂಶೋಧಕರು ರಾತ್ರಿಗಟ್ಟಲೆ ಕಾಡು ಸುತ್ತಿ ತೆಗೆದ ಮೊದಲ ಫೋಟೋ 2010ರಲ್ಲಿ ಹೊರಬಂತು. ಆ ಫೋಟೋದ ದುಂಡು ಕಣ್ಣು ನೋಡಿದಾಗ, ಮಾಟಮಂತ್ರದ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ಕಾಡುಪಾಪಗಳನ್ನು ಹಿಡಿದು ಹಿಂಸಿಸುವುದು ನೆನಪಾಗಿ ತುಂಬಾ ಸಂಕಟವಾಯಿತು.

ಸಿಂಹರಾಜ ಕಾಡಿನ ಗೂಬೆಯನ್ನೂ ಹೇಳಲೇಬೇಕು. ದೀಪಲ್ ವರಕಾಗೊಡ ಎಂಬ ಪಕ್ಷಿತಜ್ಞರು 1995ರಲ್ಲಿ ಒಂದು ಅಪರಿಚಿತ ಕೂಗು ಕೇಳಿದರು. ಬರೀ ಕೂಗು. ಆ ದನಿಯ ಬೆನ್ನು ಬಿಡದೆ 2001ರಲ್ಲಿ ಹಕ್ಕಿಯನ್ನೇ ಕಂಡರು. 2004ರಲ್ಲಿ ಅದು ಸೆರೆಂಡಿಬ್ ಗೂಬೆ ಎಂಬ ಹೊಸ ಜಾತಿಯಾಗಿ ದಾಖಲಾಯಿತು. ಅಷ್ಟೆಲ್ಲ ಜನ ಓಡಾಡಿದ ಕಾಡಿನಲ್ಲಿ! ನಮ್ಮಲ್ಲೂ ಹಾಗೇ ಆಗಿದೆ. ಜೋಗದ ಹತ್ತಿರದ ಕತ್ತಲೆಕಾನಿನಲ್ಲಿ ಮೊಟ್ಟೆಗೆ ಕೈಯಿಂದ ಮಣ್ಣು ಮೆತ್ತುವ ಕುಂಬಾರ ಕಪ್ಪೆಗೆ ವಿಜ್ಞಾನ ಹೆಸರಿಟ್ಟಿದ್ದು 2014ರಲ್ಲಿ.

ಎಲೆಮೂಗಿನ ಓತಿಯ ವಿಷಯ ಸ್ವಲ್ಪ ತೊಡಕಿನದು. ನಕಲ್ಸ್ ಕಾಡಿನ ಮರಗಳ ಕೆಳಗೆ ಜನ ಏಲಕ್ಕಿ ಹಾಕಿದ್ದಾರೆ, ಆ ಏಲಕ್ಕಿ ಮಟ್ಟಿಯಲ್ಲೂ ಈ ಓತಿ ಬದುಕುತ್ತದೆ. ಹಾಗಂತ ಏಲಕ್ಕಿ ಒಳ್ಳೆಯದು ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸಿಲ್ಲ. ಕೆಳಗಿನ ಪೊದೆ ಸವರುವಾಗ ನಾಳೆ ದೊಡ್ಡ ಮರವಾಗಬೇಕಾದ ಸಸಿಗಳೂ ಹೋಗುತ್ತವೆ, ಏಲಕ್ಕಿ ಒಣಗಿಸಲು ಸೌದೆಯೂ ಬೇಕು. ಏಲಕ್ಕಿ ತೋಟ ಮಾಡಿದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಮೇಲಿನ ಮರ ಉಳಿಸಿಕೊಂಡ ತೋಟಕ್ಕೂ ಬೋಳು ಚಹಾ ಗುಡ್ಡಕ್ಕೂ ಹೋಲಿಕೆಯೇ ಇಲ್ಲ, ಅಷ್ಟನ್ನು ಖಂಡಿತ ಹೇಳುತ್ತೇನೆ. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಕಾನು (ದಟ್ಟ ಹಸಿರು ಕಾಡು) ತೆಗೆದು ರಬ್ಬರೋ ಅಡಿಕೆಯೋ ಹಾಕುವ ಮಾತು ಬಂದಾಗಲೆಲ್ಲ ನಾನು ಹಟ ಹಿಡಿಯುವುದು ಇದಕ್ಕೇ.

ಈ ಓತಿಗಳಿಗೆ ಇನ್ನೊಂದು ಕಾಟ, ಕಳ್ಳಸಾಗಣೆ. ಹೊರದೇಶದಲ್ಲಿ ಸಾಕಲು ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. 2019ರಲ್ಲಿ ಇವು ದೇಶದೇಶಗಳ ನಡುವಿನ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿದವು, ವ್ಯಾಪಾರಕ್ಕೆ ಕಡಿವಾಣ ಬಿತ್ತು. ಆದರೆ ಇಷ್ಟು ಚಿಕ್ಕ ಜಾಗದಲ್ಲಿರುವ ಜೀವಿ ಎಲ್ಲಿ ಸಿಗುತ್ತದೆ ಅನ್ನುವುದು ನಮ್ಮ ಫೋಟೋದಿಂದಲೇ ಗೊತ್ತಾಗಬಹುದು. ಹೋಗುವವರು ದಯವಿಟ್ಟು ಮೊಬೈಲಿನಲ್ಲಿ ಲೊಕೇಶನ್ ಆಫ್ ಮಾಡಿಕೊಳ್ಳಿ, ಹಾಕುವಾಗ ಬೆಟ್ಟದ ಹೆಸರಷ್ಟೇ ಹಾಕಿ. ಆಗುಂಬೆ, ಕೊಡಚಾದ್ರಿ ಕಡೆ ತೆಗೆದ ಕಪ್ಪೆ, ಹಾವಿನ ಫೋಟೋಗಳಿಗೂ ಹಾಗೇ ಮಾಡಿ. ಹಳೆಯ ಪೋಸ್ಟುಗಳಲ್ಲಿ ಜಾಗದ ಗುರುತು ಉಳಿದಿದ್ದರೆ ಅದನ್ನೂ ತೆಗೆದುಬಿಡಿ.